ದೇವರಿಗೆ ಹೇಳಿ ಎಂದಿದ್ದರು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ (ಅಂಗಡಿಗೆ ರಜೆ)

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತಾ, ಇಲ್ಲ ಯಾರ ಮಾತೂ ಕೇಳದೆ ಇನ್ನೂ ಮೆಟ್ಟಿಲು ಹತ್ತಿಳಿಯುತ್ತಿದ್ದೀಯಾ? ಭಾವನ ಕೆಮ್ಮು ಹೇಗಿದೆ? ನಾವೆಲ್ಲ ದೇವರ ದಯೆಯಿಂದ ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಮುಂದೆ ಹೋಗಲಿಲ್ಲ. ಮೈ ಚೆನ್ನಾಗಿದೆ. ಮುಖ ಮಾತ್ರ ಎತ್ತಿಕೊಂಡು ತಿರುಗುವ ಹಾಗಿಲ್ಲ. ದಿನವಿಡೀ ಕನ್ನಡಿಯ ಮುಂದೆ ನಿಲ್ಲುವ ಕ್ಷೌರಿಕನಿಗೆ ಅದೆಂಥ ಶಿಕ್ಷೆ, ನೀನೇ ಯೋಚಿಸು.

ನಮ್ಮ ಅಂಗಡಿಯ ಎದುರಿಗೆ ಕಿಟಕಿ ಬಾಗಿಲು ಮಾಡುವ ಬಡಗಿಯವರಿದ್ದಾರೆ. ನಮ್ಮ ಚರ್ಚಿನ ಸಭೆಯವರಲ್ಲ. ಗಿರಾಕಿಗಳ ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿ ಹಿಡಿದುಕೊಂಡು ಯೇಸುವಿನ ವಿಷಯ ಹೇಳುವವನು ನಾನು ಎಂದು ನಿನಗೆ ಗೊತ್ತಲ್ಲ. "ಗಂಟಲ ಮೇಲೆ ಕತ್ತಿ ಇಟ್ರೆ ಯಾರಾದ್ರೂ ಹೂಂ ಅಂತಾರೆ ಕಣೋ" ಎಂದು ನೀನು ನಕ್ಕಿದ್ದೆ. ಬಡಗಿಯವರು ಹೂಂ ಎಂದೂ ಅನ್ನುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಅವರ ತಂದೆ ಹಾಸಿಗೆ ಹಿಡಿದಾಗ ನಾನು ವಾರ ವಾರ ಅವರ ಮನೆಗೇ ಹೋಗಿ ಮುದುಕರ ಗಡ್ಡ ಹೆರೆದು, ಉಗುರು ತೆಗೆದು, ಬೆನ್ನು ಒರೆಸಿ ಬರುತ್ತಿದ್ದೆ. ಅಲ್ಲಿ ಮಾತ್ರ ಉಪದೇಶ ಮಾಡಲಿಲ್ಲ. ಒಳ್ಳೆಯತನದಿಂದಲ್ಲ, ಮುದುಕರಿಗೆ ಕಿವಿ ಕೇಳುತ್ತಿರಲಿಲ್ಲ, ಅಷ್ಟೇ. ಅವರು ತೀರಿಕೊಂಡ ಮೇಲೆ ಒಂದು ದಿನ ಬಡಗಿಯವರು ಕುರ್ಚಿಯಲ್ಲಿ ಕೂತು, ಕನ್ನಡಿಯೊಳಗಿಂದಲೇ ನನ್ನನ್ನು ನೋಡುತ್ತಾ, "ನೀವು ನಮ್ಮಪ್ಪನ್ನ ನೋಡ್ಕೊಂಡಿದ್ದು ನಾನು ಮರೆಯಲ್ಲ. ನನ್ನ ಮಗಳು ಗಂಡನ ಮನೆ ಬಿಟ್ಟು ಬಂದಿದಾಳೆ. ಅವನು ಕೈ ಮಾಡ್ತಾನೆ. ಇನ್ನೂ ಯಾರಿಗೂ ಹೇಳಿಲ್ಲ. ನಿಮ್ಮ ದೇವ್ರಿಗೆ ಒಂದು ಮಾತು ಹೇಳಿ" ಎಂದರು. ಅಕ್ಕಾ, ನಾನು ಕತ್ತಿ ಕೆಳಗಿಟ್ಟೆ. ಇಷ್ಟು ವರ್ಷ ಬಾಯಿ ನೋಯಿಸಿಕೊಂಡು ಆಗದ್ದು ಒಂದು ಒದ್ದೆ ಬಟ್ಟೆಯಿಂದ ಆಗಿತ್ತು.

ದೇವರಿಗೆ ಹೇಳಿ ಎಂದಿದ್ದರು. ನಾನು ಸಭೆಗೆ ಹೇಳಿದೆ. ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಪಾಸ್ಟರು "ಯಾರದಾದ್ರೂ ಕೋರಿಕೆ ಇದೆಯಾ?" ಎಂದ ಕೂಡಲೇ ಎದ್ದು ನಿಂತೆ. ಬೇರೆಯವರೆಲ್ಲ ಯಾರನ್ನೋ ಕರ್ತನ ಬಳಿಗೆ ತಂದ ಕಥೆ ಹೇಳುವಾಗ ನಾನು ನನ್ನ ಕಾಲ ಬೆರಳು ನೋಡಿಕೊಂಡು ಕೂರುತ್ತಿದ್ದೆ. ಅವತ್ತು ನನ್ನ ಸರದಿ. ಯಾರ ಮನೆ, ಯಾವ ಮಗಳು, ಅಳಿಯ ಎಂಥವನು, ಎಲ್ಲ ಬಿಡಿಸಿ ಬಿಡಿಸಿ ಹೇಳಿ, ಈ ಕುಟುಂಬ ಕರ್ತನ ಬಾಗಿಲ ಹತ್ತಿರ ಬಂದಿದೆ ಎಂದೆ. ಎಲ್ಲರೂ ಆಮೆನ್ ಎಂದ ಸದ್ದಿಗೆ ಮೈ ಉಬ್ಬಿತು. ನಾನು ಎದ್ದದ್ದು ಆ ಹುಡುಗಿಗಾಗಿಯೋ ನನ್ನ ಹೆಮ್ಮೆಗಾಗಿಯೋ ಎಂದು ಮಾತ್ರ ಕೇಳಬೇಡ.

ಮಾರನೆಯ ದಿನವೇ ನಮ್ಮ ಸಭೆಯ ಹೆಂಗಸೊಬ್ಬರು ತರಕಾರಿ ಅಂಗಡಿಯಲ್ಲಿ ಬಡಗಿಯವರ ಮಗಳ ಕೈ ಹಿಡಿದು, ಅಷ್ಟೂ ಜನರೆದುರು, "ಹೆದರಬೇಡ ಕಣಮ್ಮ, ನಿನ್ನ ಗಂಡ ಹೊಡೆಯೋದು ನಿಲ್ಲಿಸಲಿ ಅಂತ ನಾವೆಲ್ಲ ಪ್ರಾರ್ಥನೆ ಮಾಡ್ತಿದೀವಿ" ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹುಡುಗಿ ಚೀಲ ಅಲ್ಲೇ ಬಿಟ್ಟು ಮನೆ ಸೇರಿದವಳು ಹೊರಗೆ ಬಂದಿಲ್ಲ. ಹೊಲಿಗೆ ಅಂಗಡಿಯಲ್ಲಿ ಹೊಸದಾಗಿ ಸಿಕ್ಕಿದ್ದ ಕೆಲಸಕ್ಕೂ ಹೋಗುತ್ತಿಲ್ಲ.

ನನಗೆ ಸುಳಿವು ಸಿಕ್ಕಿದ್ದು ಬಡಗಿಯವರ ಹಿಂದಲೆಯಿಂದ. ಬೀದಿಯಲ್ಲಿ ನನ್ನ ಮುಂದೆ ಹೋಗುತ್ತಿದ್ದರು, ಕತ್ತಿನ ಮೇಲಿನ ಗೆರೆ ಸೊಟ್ಟಗಿತ್ತು. ಬೇರೆಯವನ ಕೈ. ಏನಾಯಿತೆಂದು ಕೇಳಲು ಅವರ ಅಂಗಡಿಯವರೆಗೂ ಹಿಂದೆಯೇ ಓಡಿದೆ. ಅವರು ಮರ ಉಜ್ಜುತ್ತಲೇ ತರಕಾರಿ ಅಂಗಡಿಯ ಸಂಗತಿ ಹೇಳಿ, "ನಿಮ್ಮ ದೇವ್ರು ಗುಟ್ಟು ಕಾಯ್ತಾನೋ ಏನೋ ಗೊತ್ತಿಲ್ಲ. ನೀವಂತೂ ಕಾಯಲ್ಲ" ಎಂದರು. ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದದ್ದು ನಮ್ಮಿಬ್ಬರಿಗಲ್ಲ, ನನಗೊಬ್ಬನಿಗೇ ಎಂದು ಈಗ ಗೊತ್ತಾಗುತ್ತಿದೆ.

ಮೊನ್ನೆ ಭಾನುವಾರ ಸಭೆಯಲ್ಲಿ ಎದ್ದು, ನಾನು ಬಾಯಿಗೆ ಬಂದದ್ದು ಹೇಳಿ ತಪ್ಪು ಮಾಡಿದೆ, ಆ ವಿಷಯ ಯಾರೂ ಎತ್ತಬೇಡಿ ಎಂದೆ. ಅದಕ್ಕೂ ಆಮೆನ್ ಎಂದರು, ಅಷ್ಟೇ ಜೋರಾಗಿ. ನನ್ನ ಹೆಂಡತಿ ಮಾತ್ರ, "ಕ್ಷಮೆ ಕೇಳಬೇಕಾಗಿರೋದು ಆ ಹುಡುಗಿ ಹತ್ರ. ಅದನ್ನೂ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳೋ ಹಾಗೆ ಕೇಳಬೇಡಿ" ಎಂದಳು. ಇವತ್ತು ಸಂಜೆ ಹೋಗುತ್ತೇನೆ. ಯೇಸುವಿನ ಹೆಸರು ಎತ್ತುವುದಿಲ್ಲ, ಆತನ ಹೆಸರಿಗೆ ನನ್ನಿಂದ ಆದದ್ದು ಸಾಕು. ಬಾಗಿಲು ತೆರೆಯದಿದ್ದರೆ ನಾಳೆ ಮತ್ತೆ ಹೋಗುತ್ತೇನೆ. ನಿನ್ನನ್ನು ದಿನಾ ಬೈಯುತ್ತಿದ್ದ ಪಕ್ಕದ ಮನೆಯ ಅಜ್ಜಿಗೆ ನೀನು ವರ್ಷಗಟ್ಟಲೆ ನೀರು ತುಂಬಿಸಿಕೊಟ್ಟೆ, ಆಕೆಯೇ "ಇದನ್ನೆಲ್ಲ ಯಾರಮ್ಮ ನಿನಗೆ ಕಲಿಸಿದ್ದು?" ಎಂದು ಕೇಳುವವರೆಗೂ ಯೇಸುವಿನ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಅದೇ ಮನೆಯಲ್ಲಿ ಬೆಳೆದವನು ಎಂದರೆ ಯಾರು ನಂಬುತ್ತಾರೆ?

ಭಾವನಿಗೆ ನಮಸ್ಕಾರ. ಮಕ್ಕಳಿಗೆ ತಲೆಗೊಂದು ಮೊಟಕು, ಕೆನ್ನೆಗೊಂದು ಮುತ್ತು. ಕರ್ತನು ನಿಮ್ಮ ಮನೆಯನ್ನು ಕಾಯಲಿ, ನನ್ನ ಬಾಯನ್ನೂ.

ನಿನ್ನ ಬಾಯಿಬಡುಕ ತಮ್ಮ

ತಾ.ಕ.: ಕಾಗದ ಮಡಿಸುವಾಗ ಹೊಳೆಯಿತು, ಆ ಹುಡುಗಿಯ ವಿಷಯ ಈಗ ನಿನಗೂ ಹೇಳಿಬಿಟ್ಟೆ, ಎಲ್ಲ ಬಿಡಿಸಿ, ಅಳಿಯನ ಸಮೇತ! ಓದಿದ ಕೂಡಲೇ ಇದನ್ನು ಒಲೆಗೆ ಹಾಕು. ಭಾವನಿಗೂ ತೋರಿಸಬೇಡ. ನಿಮ್ಮ ಕೂಟದಲ್ಲಿ ಇದನ್ನು ಪ್ರಾರ್ಥನೆಗೆ ಇಡಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಇಡಲೇಬೇಕು ಅನ್ನಿಸಿದರೆ ನನ್ನ ಹೆಸರು ಹೇಳು. ಏನು ಕಾಯಿಲೆ ಎಂದು ಕೇಳಿದರೆ ನಾಲಿಗೆಯದು ಎನ್ನು.