ಒಣ ಹಬೆಗೆ ಬೀಗಮುದ್ರೆ ಹಾಕಿದವರಿಗೆ

ಬಾಯ್ಲರ್ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಿಮ್ಮ ಕಚೇರಿಯವರು ನನ್ನ ಗಂಡನ ಒಣ ಹಬೆಯ ಯಂತ್ರವನ್ನು ಜೀವಕ್ಕೆ ಅಪಾಯವೆಂದು ಹೇಳಿ ಹೊತ್ತೊಯ್ದರು. ಯಂತ್ರ ಇಲ್ಲದ್ದರಿಂದ ನಮ್ಮ ಕೆಳಗಿನ ಮನೆಯಾಕೆ ತಿಗಣೆ ಕೊಲ್ಲಲು ವಿಷದ ಮಾತ್ರೆ ತಂದಿಟ್ಟಳು. ವಿಷದ ಗಾಳಿ ಮೇಲೇರಿ ನಮ್ಮ ಮನೆಗೆ ಬಂತು. ನನ್ನ ಗಂಡ ಮಿಸ್ಬಾಹ್ ತೀರಿಕೊಂಡರು. ಯಂತ್ರ ಮಾತ್ರ ನಿಮ್ಮ ಉಗ್ರಾಣದಲ್ಲಿ ಸುರಕ್ಷಿತವಾಗಿದೆ ಎಂದು ಕೇಳಿದ್ದೇನೆ. ಒಳ್ಳೆಯದಾಯಿತು. ಅದಾದರೂ ಉಳಿಯಿತಲ್ಲ.

ಇದನ್ನು ಪತ್ರಿಕೆಗೆ ಬರೆಯಲು ಕಾರಣವಿದೆ. ಗಂಡ ಸತ್ತ ಹೆಂಗಸು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ಅವಧಿಯಲ್ಲಿ ನಾನಿದ್ದೇನೆ. ನಿಮ್ಮ ಕಿಟಕಿಯ ಮುಂದೆ ಮತ್ತೆ ಸಾಲು ನಿಲ್ಲಲಾರೆ. ಇನ್ನೊಂದು ಮಾತು. ನನಗೆ ಸಿಟ್ಟು ಬಂದು ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಸಿಟ್ಟು ಬರಲಿ ಎಂದು ನಾನೂ ಕಾಯುತ್ತಿದ್ದೇನೆ, ಬಂದಿಲ್ಲ. ನಿನ್ನೆಯ ತನಕ ಅಳುವೂ ಬಂದಿರಲಿಲ್ಲ. ನೋಡಲು ಬಂದವರು ಇದನ್ನು ಸಹನೆ ಎಂದು ಹೊಗಳಿ ಹೋಗುತ್ತಾರೆ. ಮೊನ್ನೆ ಬಿಸಿ ಬಾಣಲೆಯನ್ನು ಬರಿಗೈಯಲ್ಲಿ ಹಿಡಿದು ಇಳಿಸಿದೆ. ಬೊಬ್ಬೆ ಎದ್ದ ಮೇಲೆ ಅದು ಬಿಸಿಯಿತ್ತೆಂದು ಗೊತ್ತಾಯಿತು. ಇದಕ್ಕೆ ಸಹನೆ ಎನ್ನುತ್ತಾರಾದರೆ ನಾನು ದೊಡ್ಡ ಸಹನಾವತಿ.

ಮೊದಲು ಆ ಯಂತ್ರವೇನೆಂದು ಹೇಳುತ್ತೇನೆ, ಏಕೆಂದರೆ ಅದನ್ನು ಒಯ್ದ ನಿಮ್ಮವರು ಕೇಳಲಿಲ್ಲ. ಮಿಸ್ಬಾಹ್ ನಮ್ಮ ಝರ್ಕಾ ಊರಿನ ಹಳೇ ಪೇಟೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದವರು. ನಿಂತು ನಿಂತು ಬೆನ್ನು ಹೋದ ಮೇಲೆ ಅಂಗಡಿ ಮಾರಿ, ಮುಚ್ಚಿಹೋದ ಒಂದು ಹೋಟೆಲಿನಿಂದ ಈ ಯಂತ್ರ ತಂದರು. ಸೂಟ್‌ಕೇಸಿನಷ್ಟು ದೊಡ್ಡದು, ಅಡಿಯಲ್ಲಿ ಗಾಲಿ, ಮೇಲೊಂದು ಉದ್ದ ಕೊಳವೆ. ನಮಗೆ ಮಕ್ಕಳಿಲ್ಲ. ಅದನ್ನು ಮೆಟ್ಟಿಲ ಮೇಲೆ ಎತ್ತುವಾಗ ಇವರು, "ಹುಷಾರು, ಮಗು ತಲೆ ತಾಗುತ್ತೆ" ಎನ್ನುತ್ತಿದ್ದರು. ನಾನೂ ಜೊತೆಗೆ ಹೋಗುತ್ತಿದ್ದೆ. ಪರಗಂಡಸು ಕಾಲಿಡದ ಮಲಗುವ ಕೋಣೆಗಳಲ್ಲಿ ಕೊಳವೆ ಹಿಡಿಯುತ್ತಿದ್ದವಳು ನಾನೇ.

"ಒಣ ಹಬೆ ಅಂದ್ರೇನ್ರೀ, ಹಬೆ ಒದ್ದೆ ಇರಲ್ವಾ?" ಎಂದು ಮೊದಲ ದಿನ ನಾನೇ ಕೇಳಿದ್ದೆ.

"ಚಹಾ ಪಾತ್ರೆ ಮುಚ್ಚಳದಲ್ಲಿ ಹನಿ ಕೂತಿರುತ್ತಲ್ಲ, ಅದು ಒದ್ದೆ ಹಬೆ. ನೀರು ಅರ್ಧಂಬರ್ಧ ಕುದ್ದು ಗಡಿಬಿಡೀಲಿ ಎದ್ದು ಬಂದಿರುತ್ತೆ. ಇಲ್ಲಿ ನೀರನ್ನ ಗಟ್ಟಿ ಪಾತ್ರೇಲಿ ಕೂಡಿ ಹಾಕ್ತೀವಿ. ಆಚೆ ಹೋಗೋಕೆ ದಾರಿ ಕೊಡಲ್ಲ. ಕುದಿಯೋ ಬಿಸಿ ದಾಟಿ ಇನ್ನೂ ಮೇಲಕ್ಕೆ ಕಾಯುತ್ತೆ. ಆಮೇಲೆ ಬಿಟ್ರೆ ಅದರಲ್ಲಿ ಹನಿ ಅಂತ ಉಳಿದಿರೋದೇ ಚೂರು. ಹಾಸಿಗೆ ಮೇಲೆ ಆಡಿಸು, ಬಟ್ಟೆ ಬೆಚ್ಚಗಾಗುತ್ತೆ, ನೆನೆಯಲ್ಲ."

ನೂರರಲ್ಲಿ ಐದು ಪಾಲಿನಷ್ಟು ತೇವ, ಉಳಿದದ್ದು ಬರೀ ಬಿಸಿ. ಮಾನ್ಯರೇ, ವಾರಕ್ಕೊಮ್ಮೆ ನಲ್ಲಿಗೆ ನೀರು ಬಿಡುವ ಊರು ನಮ್ಮದು. ಮೇಲ್ಛಾವಣಿಯ ಟ್ಯಾಂಕಿನಲ್ಲಿ ಎಷ್ಟಿದೆಯೆಂದು ಬಡಿದು ನೋಡಿ ಸ್ನಾನ ಮಾಡುವವರು ನಾವು. ಇಂಥಲ್ಲಿ ಒಂದು ಜಗ್ ನೀರಿನಲ್ಲಿ ಒಂದು ಕೋಣೆಯ ಹಾಸಿಗೆ, ಪರದೆ, ಸೋಫಾ ಎಲ್ಲ ಶುದ್ಧವಾಗುತ್ತಿತ್ತು. ಸೋಪಿಲ್ಲ, ಔಷಧಿಯಿಲ್ಲ, ವಾಸನೆಯಿಲ್ಲ. ಮಿಠಾಯಿ ಅಂಗಡಿಯಲ್ಲಿ ಕುನಾಫಾ ತಟ್ಟೆಗಳ ಅಂಚಿಗೆ ವರ್ಷಗಟ್ಟಲೆ ಕಟ್ಟಿದ ತುಪ್ಪದ ಜಿಡ್ಡು ಕರಗಿ ಇಳಿಯುತ್ತಿತ್ತು, ಒಂದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ರಂಜಾನಿಗೆ ಮುಂಚೆ ಮಸೀದಿಯ ಜಮಖಾನೆಗೆ ಬೆಳಗಿನ ನಮಾಜು ಮುಗಿದ ಮೇಲೆ ಹಬೆ ಹಿಡಿದರೆ ಮಧ್ಯಾಹ್ನದ ನಮಾಜಿಗೆ ಜನ ಅದರ ಮೇಲೆಯೇ ಹಣೆಯೂರುತ್ತಿದ್ದರು. ಉಬ್ಬಸದ ಮಕ್ಕಳಿದ್ದ ಮನೆಗಳವರು ತಪ್ಪದೆ ಕರೆಯುತ್ತಿದ್ದರು, ಹಾಸಿಗೆಯ ದೂಳುಹುಳ ಸಾಯುತ್ತದೆಂದು. ಟ್ಯಾಕ್ಸಿಯ ಸೀಟು, ಕ್ಷೌರದ ಕುರ್ಚಿ, ಅಡುಗೆಮನೆಯ ಟೈಲ್ಸಿನ ಸಂದು, ಎಲ್ಲಕ್ಕೂ ಅದೇ.

ಅದೇನು ಮಂತ್ರವಲ್ಲ. ರೇಷ್ಮೆಗೆ ಹಿಡಿದರೆ ಸುಕ್ಕುಗಟ್ಟುತ್ತದೆ, ಹಳೆಯ ಮರದ ಮೆರುಗಿಗೆ ಹಿಡಿದರೆ ಬೆಳ್ಳಗಾಗುತ್ತದೆ. ದೂಳನ್ನು ಮೊದಲು ತೆಗೆಯದಿದ್ದರೆ ಕೆಸರಾಗುತ್ತದೆ. ಕೊಳವೆಯ ಮೂತಿಯಿಂದ ಆಚೆ ಬಂದ ಕೂಡಲೇ ಕಾವು ಇಳಿಯುವುದರಿಂದ ಅದನ್ನು ಬಟ್ಟೆಗೆ ತಾಗಿಸಿಕೊಂಡು ಬಸವನಹುಳುವಿನ ಹಾಗೆ ನಡೆಸಬೇಕು. ಅವಸರ ಮಾಡಿದರೆ ತಿಗಣೆ ಸಾಯುವುದಿಲ್ಲ, ಗಾಳಿಗೆ ಹಾರಿ ಪಕ್ಕದ ಗೋಡೆ ಸೇರುತ್ತದೆ. ನಿಧಾನವಾಗಿ ನಡೆಸಿದರೆ ಹೊಲಿಗೆಯ ಸಂದಿನಲ್ಲಿದ್ದ ಮೊಟ್ಟೆಯೂ ಬೆಂದುಹೋಗುತ್ತದೆ. ಮೊಟ್ಟೆ ಸಾಯುವುದೇ ಮುಖ್ಯ. ಈ ಮಾತನ್ನು ದಯವಿಟ್ಟು ನೆನಪಿಡಿ.

ಕೆಳಗಿನ ಮನೆಯ ತಮಾದುರ್, ಊರಿಗೆಲ್ಲ ಉಮ್ ರಕಾನ್, ಅಂದರೆ ರಕಾನ್‌ನ ತಾಯಿ, ನನಗೆ ಅಕ್ಕನಿದ್ದ ಹಾಗೆ. ಮಗ ರಕಾನ್ ಅಕಬಾ ಬಂದರಿನಲ್ಲಿ ಕೆಲಸದಲ್ಲಿದ್ದಾನೆ. ಈದ್‌ಗೆ ಸೊಸೆ ಹಸುಗೂಸನ್ನು ಕರೆತರುವವಳಿದ್ದಳು. ಆಗಲೇ ಅವರ ಮನೆಯಲ್ಲಿ ತಿಗಣೆ ಕಾಣಿಸಿತು. ಯಾರಿಗೂ ಗೊತ್ತಾಗಬಾರದೆಂದು ಪಿಸುದನಿಯಲ್ಲಿ ನನ್ನನ್ನು ಕರೆದಳು. ನಾನು ಮಂಚ ಮುಗಿಸಿದ್ದೆ. ಕಪಾಟು, ಗೋಡೆಯಂಚು ಬಾಕಿ ಇದ್ದವು. ಆಗ ನಿಮ್ಮ ತಪಾಸಕರು ಬಂದರು. ಯಾರು ದೂರು ಕೊಟ್ಟರೋ ಗೊತ್ತಿಲ್ಲ. ಮಿಸ್ಬಾಹ್ ಬಾಗಿಲಲ್ಲಿ ನಿಂತು ಮಾತಾಡಿದರು.

"ಇದು ಒತ್ತಡದ ಬಾಯ್ಲರ್. ಪರವಾನಗಿ ಇದೆಯಾ?"

"ಮನೆ ಸ್ವಚ್ಛ ಮಾಡೋ ಯಂತ್ರ ಸಾಹೇಬ್ರೆ. ಪರವಾನಗಿ ಬೇಕು ಅಂದ್ರೆ ಕೊಡಿ, ತಗೋತೀನಿ."

"ಚಿಮಣಿ ಎಷ್ಟೆತ್ತರ?"

"ಚಿಮಣಿ ಇಲ್ಲ. ಕರೆಂಟಲ್ಲಿ ಓಡುತ್ತೆ, ಹೊಗೆ ಬರಲ್ಲ."

"ಅಂದ್ರೆ ಚಿಮಣಿನೂ ಇಲ್ಲ. ಎರಡನೇ ತಪ್ಪು."

ಇವರಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನಮ್ಮನೆ ಕುಕ್ಕರಿಗೂ ಒಂದು ಬೀಗ ಹಾಕಿಬಿಡಿ ಅಣ್ಣಾ, ಅದೂ ಸೀಟಿ ಹೊಡಿಯುತ್ತೆ" ಎಂದರು. ನಗಬಾರದಿತ್ತೇನೋ. ತಪಾಸಕರು ಯಂತ್ರದ ಗುಂಡಿಯ ಮೇಲೆ ತಂತಿ ಸುತ್ತಿ ಮುದ್ರೆ ಒತ್ತಿದರು. ಇನ್ನೂ ಬಿಸಿಯಿದ್ದ ಯಂತ್ರವನ್ನು ಇಬ್ಬರು ಆಳುಗಳು ಕೈ ಬದಲಾಯಿಸುತ್ತ ಇಳಿಸಿಕೊಂಡು ಹೋದರು.

ಒತ್ತಡದ ಪಾತ್ರೆ ಸಿಡಿಯಬಹುದು. ಸತ್ಯ. ಅದಕ್ಕಾಗಿಯೇ ಅದರಲ್ಲಿ ಒತ್ತಡ ಮೀರಿದರೆ ತಾನೇ ತೆರೆದುಕೊಳ್ಳುವ ಕವಾಟವಿದೆ. ಆ ಕವಾಟ ಸರಿಯಿದೆಯೇ ಎಂದು ನಿಮ್ಮವರು ಪರೀಕ್ಷಿಸಿದ್ದರೆ ನಾವು ಕೂರಿಸಿ ಚಹಾ ಕೊಡುತ್ತಿದ್ದೆವು. ತಪಾಸಣೆ ಎಂದು ಹೆಸರಿಟ್ಟುಕೊಂಡ ಕಚೇರಿಯವರು ತಪಾಸಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುವುದು ಯಾವ ನಿಯಮದಲ್ಲಿದೆ?

ಆಮೇಲೆ ಅಲೆದಾಟ. ಇವತ್ತು ಬನ್ನಿ, ನಾಳೆ ಬನ್ನಿ, ಇಂಜಿನಿಯರ್ ರಜೆಯಲ್ಲಿದ್ದಾರೆ. ಇವರ ಬೆನ್ನಿಗೆ ಸಾಲು ನಿಲ್ಲಲಾಗದು, ಹಾಗಾಗಿ ನಾನು ಹೋಗುತ್ತಿದ್ದೆ. ಮನೆಯಲ್ಲಿ ಉಮ್ ರಕಾನ್‌ಗೆ ನಿದ್ದೆಯಿಲ್ಲ, ನನ್ನ ಹತ್ತಿರ ಗೋಳಾಡುತ್ತಿದ್ದಳು.

"ವಿಸಾಲ್, ಕೂಸನ್ನ ಈ ಹಾಸಿಗೇಲಿ ಹೇಗೆ ಮಲಗಿಸ್ಲೇ? ಧಾನ್ಯದಂಗಡೀಲಿ ಮಾತ್ರೆ ಸಿಗುತ್ತಂತೆ, ಗೋಧಿ ಮೂಟೆಗೆ ಹಾಕ್ತಾರಲ್ಲ, ಅದು."

"ಬೇಡ ಕಣಕ್ಕಾ" ಎಂದು ಇವರು ಕೂಗಿಯೇ ಹೇಳಿದ್ದರು. "ಅದು ತಿಗಣೆಗೂ ಯಮ, ಮನುಷ್ಯರಿಗೂ ಯಮ. ಇನ್ನೊಂದು ವಾರ ತಡ್ಕೋ. ಯಂತ್ರ ಬರುತ್ತೆ."

ಯಂತ್ರ ಬರಲಿಲ್ಲ. ಸೊಸೆ ಬರುವ ದಿನ ಹತ್ತಿರವಾಯಿತು. ಮಸೂರು ಬೇಳೆಯ ಡಬ್ಬದ ಪಕ್ಕದಲ್ಲಿ ಮಾತ್ರೆಯ ಡಬ್ಬವನ್ನೂ ಇಟ್ಟುಕೊಂಡಿದ್ದ ಅಂಗಡಿಯವನು ಉಮ್ ರಕಾನ್ ಹತ್ತಿರ ಪರವಾನಗಿ ಕೇಳಲಿಲ್ಲ. ಚಿಮಣಿಯ ಎತ್ತರವನ್ನೂ ಕೇಳಲಿಲ್ಲ. ಆಕೆ ನಮಗೆ ಹೇಳದೆ ಕೋಣೆಯಲ್ಲಿ ಮಾತ್ರೆ ಇಟ್ಟು, ಬಾಗಿಲ ಸಂದಿಗೆ ಟೇಪು ಅಂಟಿಸಿ, ತಂಗಿಯ ಮನೆಗೆ ಹೋದಳು.

ಆ ಮಧ್ಯಾಹ್ನ ಮಾನ್ಯರೇ, ನಾನು ನಿಮ್ಮ ಎದುರಿಗೇ ಇದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ನಿಮ್ಮ ಕೋಣೆಯೊಳಗೆ ಬಿಟ್ಟಿದ್ದರು. "ಸ್ವಾಮೀ, ಹಬೆ ಇಲ್ಲ ಅಂದ್ರೆ ನಮ್ಮ ಜನ ವಿಷದ ಮಾತ್ರೆಗೆ ಕೈ ಹಾಕ್ತಾರೆ" ಎಂದು ನಾನು ಬಾಯಿಬಿಟ್ಟು ಹೇಳಿದೆ. ನೀವು ಕಡತದಿಂದ ತಲೆ ಎತ್ತಿ, ಬಹಳ ಮರ್ಯಾದೆಯಿಂದ, "ಮಾತ್ರೆ ನಮ್ಮ ಇಲಾಖೆಗೆ ಬರಲ್ಲಮ್ಮ" ಎಂದಿರಿ.

ಹೊರಗೆ ಮರಳುಗಾಳಿ ಎದ್ದಿತ್ತು. ಮಿಸ್ಬಾಹ್ ಕಿಟಕಿಗಳನ್ನೆಲ್ಲ ಭದ್ರ ಮಾಡಿಕೊಂಡು ಮಲಗಿದ್ದರು. ಬಚ್ಚಲಿನ ಕೊಳವೆಗಳು ಹಾದುಬಂದ ಸಂದಿನಿಂದ ಕೆಳಗಿನ ಮನೆಯ ಗಾಳಿ ಒಳಗೆ ಬಂದಿತ್ತು. ನಾನು ಬಂದಾಗ ಮಂಚದ ಅಂಚಿಗೆ ಕುಳಿತು ವಾಂತಿ ಮಾಡುತ್ತಿದ್ದರು. ಮನೆಯಲ್ಲಿ ಬೆಳ್ಳುಳ್ಳಿ ಕೊಳೆತಂಥ ವಾಸನೆ. ಊಟ ಕೆಟ್ಟಿರಬೇಕು ಅಂದುಕೊಂಡೆ. ನಾನೂ ಅದೇ ಬೆಂಡೆಕಾಯಿ, ಅನ್ನ ತಿಂದಿದ್ದೆ. ಟ್ಯಾಕ್ಸಿಯಲ್ಲಿ ಇವರು ಕೇಳಿದ್ದು, "ಟ್ಯಾಂಕಿಗೆ ನೀರು ಬಂತಾ ನೋಡಿದ್ಯಾ?" ಎಂದು. ನೋಡಿಲ್ಲ ಎಂದೆ. ನಾವಿಬ್ಬರೂ ಆಡಿದ ಕೊನೆಯ ಮಾತು ಅದು. ಆಸ್ಪತ್ರೆಯ ವೈದ್ಯೆ, "ನಿಮ್ಮ ಕಟ್ಟಡದಲ್ಲಿ ಯಾರಾದ್ರೂ ಹುಳದ ಔಷಧಿ ಇಟ್ಟಿದ್ರಾ?" ಎಂದು ಕೇಳಿದಾಗ ನನಗೆ ಎಲ್ಲ ಗೊತ್ತಾಯಿತು. ಗೊತ್ತಾದ ಮೇಲೂ ಮಾಡುವುದೇನೂ ಇರಲಿಲ್ಲ. ಆ ವಿಷಕ್ಕೆ ಮದ್ದಿಲ್ಲವಂತೆ.

ಪೊಲೀಸರು ಉಮ್ ರಕಾನ್‌ಳನ್ನು ಕರೆದೊಯ್ದರು. ಆಮೇಲೆ ಆಕೆಯ ಕಡೆಯ ಹಿರಿಯರು ಸಂಧಾನಕ್ಕೆ ಬಂದರು. ನಮ್ಮ ಪದ್ಧತಿ ನಿಮಗೂ ಗೊತ್ತು, ಕ್ಷಮೆ ಕೇಳಲು ಬಂದವರು ಅದು ಸಿಗುವ ತನಕ ಮುಂದಿಟ್ಟ ಕಾಫಿ ಮುಟ್ಟುವುದಿಲ್ಲ. ಮಿಸ್ಬಾಹ್‌ರ ಅಣ್ಣ ಹಾತಿಮ್ ಅವರೆದುರು ಕುಳಿತಿದ್ದರು. ಅಕಬಾದಿಂದ ಬಂದಿದ್ದ ರಕಾನ್ ತಲೆ ಎತ್ತಲಿಲ್ಲ. ಭಾವ ಒಳಬಾಗಿಲಿಗೆ ಬಂದು, "ವಿಸಾಲ್, ನೀನು ಹೇಳಿದ ಹಾಗೆ. ಏನನ್ಲಿ ಅವ್ರಿಗೆ?" ಎಂದರು.

"ಕಾಫಿ ಆರಿಹೋಗುತ್ತೆ ಭಾವ. ಕುಡೀರಿ ಅನ್ನಿ" ಎಂದೆ.

ದೊಡ್ಡ ಮನಸ್ಸು ಎಂದು ಎಲ್ಲರೂ ಕೊಂಡಾಡಿದರು. ನಿಜ ಹೇಳುತ್ತೇನೆ, ಮನಸ್ಸು ದೊಡ್ಡದೋ ಚಿಕ್ಕದೋ ನನಗೆ ತಿಳಿಯದು, ಅದು ಇರುವ ಜಾಗವೇ ಸಿಗುತ್ತಿರಲಿಲ್ಲ. ಉಮ್ ರಕಾನ್ ಬಿಡುಗಡೆಯಾಗಿ ಬಂದಳು. ತನ್ನ ಮನೆಯೊಳಗೆ ಕಾಲಿಡಲಾರಳು. ಒಂದು ಕಂಬಳಿ ಹೊತ್ತು ನಮ್ಮ ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದೆ. ಈಗ ನನ್ನ ಸೋಫಾದ ಮೇಲೆ ಮಲಗುತ್ತಾಳೆ, ನಾನು ಹೊರಗೆ ಹೋಗುವಂತಿಲ್ಲವಾದ್ದರಿಂದ ರೊಟ್ಟಿ ತರುತ್ತಾಳೆ. ಸೊಸೆ, ಕೂಸು ಬರಲೇ ಇಲ್ಲ. ನನ್ನ ಗಂಡನನ್ನು ಕೊಂದ ಹೆಂಗಸು ನನ್ನ ತಟ್ಟೆಗೆ ಅನ್ನ ಬಡಿಸುತ್ತಾಳೆ, ನಾನು ಸಾಕು ಎನ್ನುತ್ತೇನೆ, ಇನ್ನೊಂದು ತುತ್ತು ಎನ್ನುತ್ತಾಳೆ. ಹೀಗೆ ದಿನ ಹೋಗುತ್ತಿದೆ.

ಇನ್ನು ನಿಮಗೆ ತಿಳಿಸಲೇಬೇಕಾದ ಸುದ್ದಿ. ನಿನ್ನೆ ಬೆಳಿಗ್ಗೆ ಎದ್ದಾಗ ನನ್ನ ಎಡಗೈ ತುರಿಸುತ್ತಿತ್ತು. ನೋಡಿದರೆ ಮೊಣಕೈಯಿಂದ ಕೆಳಗೆ ಸಾಲಾಗಿ ಕೆಂಪು ಗುಳ್ಳೆಗಳು. ಕಂಬಳಿಯ ಜೊತೆ ಬಂದವೋ, ಗೋಡೆ ಹತ್ತಿ ಬಂದವೋ. ಒಬ್ಬ ಮನುಷ್ಯನ ಜೀವ ತೆಗೆದ ಮಾತ್ರೆ ತಿಗಣೆಯನ್ನು ಪೂರ್ತಿ ಕೊಂದಿರಲಿಲ್ಲ. ಎಲ್ಲೋ ಒಂದಿಷ್ಟು ಮೊಟ್ಟೆ ಉಳಿದಿದ್ದವು.

ಉಮ್ ರಕಾನ್ ನನ್ನ ಕೈ ನೋಡಿದಳು. "ನಾನು ಏನೂ ತರಲ್ಲ ವಿಸಾಲ್. ದೇವರಾಣೆ, ಏನೂ ತರಲ್ಲ. ತಿನ್ಲಿ ನನ್ನ, ಪೂರ್ತಿ ತಿಂದುಬಿಡ್ಲಿ" ಎಂದು ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು. ನಾನು ಕೆರೆದುಕೊಳ್ಳುತ್ತಲೇ ಇದ್ದೆ. ತುರಿಕೆ ಜಾಸ್ತಿಯಾಯಿತು. ಉರಿಯತೊಡಗಿತು. ಮಿಸ್ಬಾಹ್ ಹೋದ ಮೇಲೆ ನನ್ನ ಮೈಗೆ ತಿಳಿದ ಮೊದಲ ಸಂಗತಿ ಅದು. ಕೆರೆದು ಕೆರೆದು ರಕ್ತ ಬಂತು, ನೋವಾಯಿತು. ಆಗ ನಾನು ಬಾಯಿಬಿಟ್ಟು ಅತ್ತೆ. ಆಕೆ ಹೆದರಿ ನನ್ನ ಕಾಲು ಹಿಡಿದುಕೊಂಡಳು, ತನ್ನ ಮೇಲಿನ ಸಿಟ್ಟಿಗೆ ಅಳುತ್ತಿದ್ದೇನೆಂದು. ಅಲ್ಲ ಎಂದು ಹೇಳಲು ನನಗೆ ಉಸಿರು ಸಾಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಏನೂ ಅನ್ನಿಸದ ಹಾಗಾಯಿತು. ಅಷ್ಟರಲ್ಲಿ ಈ ಪತ್ರ ಶುರುಮಾಡಿದ್ದೆ.

ಮಾನ್ಯರೇ, ನನಗೆ ಪರಿಹಾರ ಬೇಡ, ವಿಷಾದದ ಸಂದೇಶ ಬೇಡ. ಮನೆ ತೊಳೆಯುವ ಹಬೆಯ ಯಂತ್ರವನ್ನು ಕಾರ್ಖಾನೆಯ ಬಾಯ್ಲರಿನ ಸಾಲಿನಿಂದ ಬೇರೆ ಮಾಡಿ, ಅದಕ್ಕೊಂದು ಸರಿಯಾದ ಪರೀಕ್ಷೆ ಗೊತ್ತುಮಾಡಿ. ಮಾತ್ರೆ ಯಾವ ಇಲಾಖೆಗೆ ಬರುತ್ತದೆಂದು ಹುಡುಕಿ, ಆ ಮೇಜಿಗೆ ಹೋಗಿ ಈ ಪತ್ರವನ್ನು ಓದಿ ಹೇಳಿ. ಅದೆಲ್ಲ ತಡವಾಗುತ್ತದೆಂದು ನನಗೆ ಗೊತ್ತು. ತಡವಾಗಬಾರದ್ದು ಒಂದಿದೆ. ನಿಮ್ಮ ಇಂಜಿನಿಯರ್ ರಜೆ ಮುಗಿಸಿ ಬಂದಿದ್ದರೆ ಆ ಕವಾಟವನ್ನು ಪರೀಕ್ಷಿಸಿ, ಯಂತ್ರವನ್ನು ನಮ್ಮ ಬಾಗಿಲಿಗೆ ತಂದುಕೊಡಲಿ. ಉಮ್ ರಕಾನ್‌ಳ ಮನೆಯಲ್ಲಿ ಕಪಾಟು, ಗೋಡೆಯಂಚು ಬಾಕಿ ಇವೆ. ನಾನು ಮಾಡುತ್ತೇನೆ. ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋದರೆ ಇದ್ದತ್ತಿಗೆ ಭಂಗವೇ ಎಂದು ಇಮಾಮರನ್ನು ಕೇಳಿಸಿದ್ದೇನೆ. ಹಗಲಿನಲ್ಲಿ ಹೋಗಿ ಬರಬಹುದಂತೆ. ಅವರ ಇಲಾಖೆಯಲ್ಲಿ ಉತ್ತರ ಅದೇ ದಿನ ಬಂತು.

ಇಂತಿ,
ಇನ್ನೂ ತುರಿಸಿಕೊಳ್ಳುತ್ತಿರುವ,
ವಿಸಾಲ್,
ಮಿಸ್ಬಾಹ್‌ರ ಹೆಂಡತಿ (ಈಗ ಅದರ ಬದಲು ಬರೆಯಬೇಕಾದ ಪದಕ್ಕೆ ಇನ್ನೂ ಕೈ ಬರುತ್ತಿಲ್ಲ)