ಟೇಪು ಹಿಡಿದು ಬೆಳೆಸಿದ ಕುಂಬಳಕಾಯಿ

ಅಕ್ಟೋಬರ್ ೨೧, ಮಂಗಳವಾರ

ರಾತ್ರಿ ಊಟದ ಹೊತ್ತಿಗೆ ಒಂದು ಸುಳ್ಳು ಹೇಳಿಬಿಟ್ಟೆ. ನಮ್ಮ ಯಜಮಾನರು, ಟೈಲರ್ ಸಾಹೇಬರು, ದಿನಾ ಬೆಳಿಗ್ಗೆ ಟೇಪು ಹಿಡಿದು ಹಿತ್ತಲ ಕುಂಬಳಕಾಯಿಯ ಸುತ್ತಳತೆ ತೆಗೆಯುತ್ತಾರೆ. "ಇನ್ನೊಂದು ವಾರ ಇರ್ಲಿ ಕಣೇ" ಅನ್ನುತ್ತಲೇ ತಿಂಗಳಾಯಿತು. ಕೊಳೆತೀತೆಂದು ಇವತ್ತು ಅವರು ಅಂಗಡಿಗೆ ಹೋದಮೇಲೆ ಕೊಯ್ದು, ಮೆಣಸು ಹಾಕಿ ಬೇಯಿಸಿಬಿಟ್ಟೆ.

"ಎಲ್ಲಿಂದ ತಂದೆ?" ಅಂದರು.

"ಮಾರ್ಕೆಟ್‌ದು" ಅಂದೆ.

ಎರಡನೇ ಸಲ ಬಡಿಸಿಕೊಂಡು, ತಲೆ ಎತ್ತದೆ, "ಪರವಾಗಿಲ್ಲ. ಆದ್ರೆ ನಮ್ಮದರಷ್ಟು ಸಿಹಿ ಇಲ್ಲ" ಅಂದರು. ನಗು ಬಂತು, ಪಾಪ ಅಂತಲೂ ಅನ್ನಿಸಿತು.

ಈಗ ಅಡುಗೆಮನೆಯ ದೀಪ ಆರಿಸಲು ಹೋದರೆ, ನಾನು ಬಿಸಾಕಿದ್ದ ಬೀಜಗಳನ್ನೆಲ್ಲ ತೊಳೆದು, ಕಿಟಕಿಯಲ್ಲಿ ಬಟ್ಟೆ ಕತ್ತರಿಸುವ ಅಳತೆಯ ಕಾಗದ ಹಾಸಿ ಸಾಲಾಗಿ ಒಣಹಾಕಿದ್ದಾರೆ. ಎಲ್ಲಾ ಗೊತ್ತಿದ್ದೂ ಎರಡು ಸಲ ಬಡಿಸಿಕೊಂಡ ಕಳ್ಳ, ಒಳಗೆ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಾನೆ.