ಚಿಕ್ಕಮಾದಮ್ಮನ ನಡತೆ ವರದಿಗೆ ನುಗ್ಗಿದ ದನಗಳ ಬಗ್ಗೆ

ನೀರುಗಂಟಿ ನೇಮಕದ ಕಡತಕ್ಕೆ ಸಹಿ ಹಾಕಿರುವ ಮಾನ್ಯ ಅಧಿಕಾರಿಗಳೇ,

ತಾವು ಸಹಿ ಮಾಡಿದ ಎರಡು ಕಾಗದಗಳು ನನ್ನ ಮುಂದಿವೆ. ಮೊದಲನೆಯದು ಮಾರ್ಚ್ ಎಂಟರ ಮಹಿಳಾ ದಿನದ ಸನ್ಮಾನಪತ್ರ, ಗಾಜು ಹಾಕಿಸಿದ್ದು, ಅಂಚಿಗೆ ಚಿನ್ನದ ಬಣ್ಣದ ಬಳ್ಳಿ. ಊರಿನ ಓವರ್‌ಹೆಡ್ ಟ್ಯಾಂಕಿನಲ್ಲಿ ಕೋತಿಯೊಂದು ಬಿದ್ದು ಸತ್ತು ನಾರುತ್ತಿದ್ದಾಗ ಗಂಡಸರೆಲ್ಲ ಮೂಗು ಮುಚ್ಚಿಕೊಂಡು ಕೆಳಗೆ ನಿಂತಿದ್ದರು. ಶ್ರೀಮತಿ ಚಿಕ್ಕಮಾದಮ್ಮನವರು ಒಬ್ಬರೇ ಏಣಿ ಹತ್ತಿ ಅದನ್ನು ಎತ್ತಿ ಹಾಕಿ, ಟ್ಯಾಂಕು ತೊಳೆದರು. ಆದ್ದರಿಂದ ಅವರು 'ವೀರವನಿತೆ' ಎಂದು ಅದರಲ್ಲಿದೆ. ಎರಡನೆಯದು ಮಾರ್ಚ್ ಇಪ್ಪತ್ತೊಂಬತ್ತರ ನಡತೆ ವರದಿ. ಅದರ ಮಾತು ಹೀಗಿದೆ: "ಸದರಿ ಹೆಂಗಸು ಗಂಡುಬೀರಿ ಸ್ವಭಾವದವಳಾಗಿದ್ದು, ಹಿರಿಯರು ಕಿರಿಯರೆನ್ನದೆ ಏರುದನಿಯಲ್ಲಿ ಮಾತನಾಡುವ, ಪರರ ಜಾನುವಾರುಗಳನ್ನು ಕಲ್ಲು ಹೊಡೆದು ಓಡಿಸುವ ಚಾಳಿಯುಳ್ಳವಳಾಗಿರುತ್ತಾಳೆ. ಕಾರಣ, ನೀರುಗಂಟಿ ಹುದ್ದೆಗೆ ಸೂಕ್ತಳಲ್ಲ." ಎರಡಕ್ಕೂ ಒಂದೇ ಸಹಿ, ಒಂದೇ ಹಸಿರು ಶಾಯಿ. ನಡುವೆ ಇಪ್ಪತ್ತೊಂದು ದಿನ. ಕೋಳಿ ಕಾವು ಕೂತು ಮರಿ ಮಾಡಲು ಬೇಕಾಗುವಷ್ಟೇ ಸಮಯದಲ್ಲಿ ತಾವು ಒಬ್ಬ ವೀರವನಿತೆಯನ್ನು ಕಾವಿಗೆ ಇಟ್ಟು ಗಂಡುಬೀರಿಯನ್ನು ಹೊರಗೆ ತೆಗೆದಿದ್ದೀರಿ. ಅಭಿನಂದನೆಗಳು.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಆಕೆಯ ಬೀದಿಯ ನಲ್ಲಿ ಒಣಗುತ್ತದೆ. ಸಂತೆಮರಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ ಎಂದರೆ ಓದುವವರಿಗೆ ಸಾಕು. ತಮಗಂತೂ ಊರು ಗೊತ್ತು. ಆಕೆಯ ಗಂಡ ಮಾದಣ್ಣ ಅಲ್ಲಿ ಬೀದಿಬೀದಿಗೆ ನೀರು ಬಿಡುವ ನೀರುಗಂಟಿಯಾಗಿದ್ದ. ಕಾಮಾಲೆಯಾಗಿ ಸತ್ತ. ಅವನ ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಮೊದಲೇ ಪಂಚಾಯಿತಿಯವರು ಬಂದು ವಾಲ್ ತಿರುಗಿಸುವ ಕಬ್ಬಿಣದ ಸಲಾಕೆಯನ್ನು ಈಕೆಯ ಕೈಗೆ ಕೊಟ್ಟು, "ಒಂದೆರಡು ದಿವ್ಸ ನೋಡ್ಕೊಳವ್ವ" ಎಂದರು. ಆ ಒಂದೆರಡು ದಿನ ಹನ್ನೊಂದು ವರ್ಷವಾಯಿತು. ಯಾವ ಬೀದಿಗೆ ಎಷ್ಟು ಹೊತ್ತು ನೀರು, ಯಾವ ಪೈಪು ಎಲ್ಲಿ ಸೀಳಿದೆ, ಮೋಟಾರು ಯಾವ ದನಿಯಲ್ಲಿ ಕೂಗಿದರೆ ಸುಡುತ್ತದೆ ಎಂಬುದು ತಮ್ಮ ಎಂಜಿನಿಯರಿಗಿಂತ ಆಕೆಗೆ ಚೆನ್ನಾಗಿ ಗೊತ್ತು. ಈ ವರ್ಷ ಆ ಕೆಲಸವನ್ನು ಕಾಯಂ ಮಾಡುವ ಆದೇಶ ಬಂತು. ಆದೇಶ ಬಂದ ದಿನದಿಂದ ಆಕೆಯ ಸ್ವಭಾವ ಕೆಡುತ್ತಾ ಬಂದಿದೆ.

ಕೆಟ್ಟಿದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ, ವರದಿಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲವಲ್ಲ. ಊರಿಗೆ ಹೋಗುವ ದೊಡ್ಡ ಪೈಪಿಗೆ ತೂತು ಕೊರೆದು, ಮಣ್ಣು ಮುಚ್ಚಿ, ಪಂಚಾಯಿತಿ ಸದಸ್ಯ ಶಾಂತಮಲ್ಲಪ್ಪ ತನ್ನ ಬಾಳೆತೋಟಕ್ಕೆ ನೀರು ಎಳೆದುಕೊಂಡಿದ್ದ. ಕಾಲೋನಿಯ ನಲ್ಲಿಯಲ್ಲಿ ಗಾಳಿ ಬರತೊಡಗಿದ್ದರಿಂದ ಚಿಕ್ಕಮಾದಮ್ಮ ಪೈಪಿನ ಜಾಡು ಹಿಡಿದು ನಡೆದಳು. ಬೇಸಿಗೆಯಲ್ಲಿ ಹಸಿಯಾಗಿದ್ದ ಮಣ್ಣು ಕೆದಕಿ, ಅವನ ಪೈಪನ್ನು ಕತ್ತರಿಸಿ ಬಾಯಿಗೆ ಬಿರಡೆ ಬಡಿದಳು. ಅವನು ಓಡಿ ಬಂದ. ಅಂದು ಅಲ್ಲಿದ್ದವರು ನನಗೆ ಹೇಳಿದಂತೆ ಮಾತುಕತೆ ಇಷ್ಟು:

"ಯಾರ್ನ ಕೇಳ್ಬುಟ್ಟು ಕೂಯ್ದಮ್ಮಿ?"

"ನೀವು ಯಾರ್ನ ಕೇಳ್ಬುಟ್ಟು ಕೊರುದ್ರಿ?"

"ಎಂಗ್ಸಾಗಿ ಬಾಳು, ಗಂಡುಬೀರಿ ಆಡ್ದಂಗ ಆಡ್ಬ್ಯಾಡ."

"ನಾ ಎಂಗ್ಸಾಗೇ ಅವ್ನಿ. ನಾಕು ದಿನದಿಂದ ನೀರಿಲ್ದೆ ನಿಂತಿರೋರೂ ಎಂಗಸ್ರೇಯ. ನೀವೊಂದು ಕೊಡ ತಕ್ಕೊಂಡು ಬಂದು ಸಾಲ್ನಲ್ಲಿ ನಿಂತ್ಕೊಳಿ, ನಿಮ್ಗೂ ಬುಡ್ತಿನಿ."

ಅವನು ಕೈ ಎತ್ತಿದ. ಆಕೆ ಸಲಾಕೆ ಎತ್ತಿದಳು. ಅವನು ಕೈ ಇಳಿಸಿದ. ನಡೆದದ್ದು ಅಷ್ಟೆ. ಯಾರಿಗೂ ಗಾಯವಾಗಲಿಲ್ಲ, ಒಬ್ಬ ಸದಸ್ಯನ ಗೌರವಕ್ಕೆ ಮಾತ್ರ ಸ್ವಲ್ಪ ಪೆಟ್ಟಾಯಿತು. ಹತ್ತು ದಿನದೊಳಗೆ ತಮ್ಮ ಕಚೇರಿಗೆ ದೂರು ಬಂತು. ದೂರಿನಿಂದ ವರದಿ ಹುಟ್ಟಿತು. ವರದಿಯಿಂದಾಗಿ ಸಲಾಕೆ ಶಾಂತಮಲ್ಲಪ್ಪನ ಬಾಮೈದ ರಂಗರಾಜುವಿನ ಕೈಗೆ ಹೋಯಿತು. ಅವನು ಏರುದನಿಯಲ್ಲಿ ಮಾತನಾಡುವುದಿಲ್ಲ, ನಿಜ. ಫೋನೇ ಎತ್ತುವುದಿಲ್ಲ.

ಈಗ ತಮ್ಮ ಪದಗಳ ವಿಚಾರಕ್ಕೆ ಬರುತ್ತೇನೆ. ಈ ಜಿಲ್ಲೆಯ ಯಾವ ವೇದಿಕೆ ಹತ್ತಿದರೂ ತಾವು ಉಮ್ಮತ್ತೂರಿನ ಪಾಳೆಯಗಾರರನ್ನು ನೆನೆಯುತ್ತೀರಿ. ವಿಜಯನಗರದಂಥ ವಿಜಯನಗರಕ್ಕೇ ಎದುರು ನಿಂತವರು ಎನ್ನುವಾಗ ತಮ್ಮ ಎದೆ ಕೋಟಿನ ಗುಂಡಿಯವರೆಗೂ ಉಬ್ಬುತ್ತದೆ. ಅವರ ಬಗ್ಗೆ ಯಾರೂ 'ಮೇಲಿನವರೊಡನೆ ಹೊಂದಾಣಿಕೆ ಇಲ್ಲ, ಅರಸೊತ್ತಿಗೆಗೆ ಸೂಕ್ತರಲ್ಲ' ಎಂದು ವರದಿ ಬರೆಯಲಿಲ್ಲವೇಕೆ? ಹಳಗನ್ನಡದಲ್ಲಿ ಬೀರ ಎಂದರೆ ವೀರ. ಅವನು ಸತ್ತರೆ ಬೀರಗಲ್ಲು. ತುರು ಕದ್ದವನೊಡನೆ ಕಾದಿ ಸತ್ತವನನ್ನು ಕಲ್ಲಿನಲ್ಲಿ ಕಡೆದು, ಮೇಲಿನ ಸಾಲಿನಲ್ಲಿ ಸ್ವರ್ಗಕ್ಕೂ ಕಳಿಸಿದೆವು. ಅದೇ ಬೀರ ಹೆಂಗಸಿನ ಮೈಗೆ ಬಂದಾಗ ಮಾತ್ರ ಮುಂದೆ ಒಂದು 'ಗಂಡು' ಸೇರಿಸಿಕೊಂಡು ಬೈಗುಳವಾಯಿತು. ಅವಳ ಧೈರ್ಯ ಅವಳದಲ್ಲ, ಯಾವನೋ ಗಂಡಸಿನದನ್ನು ಕದ್ದುಟ್ಟಿದ್ದಾಳೆ ಎಂಬಂತೆ. ಗಂಡ ಸತ್ತಾಗ ಬೆಂಕಿಗೆ ಬಿದ್ದವಳಿಗೆ ಮಾಸ್ತಿಗಲ್ಲು ನೆಡಲು ನಮಗೆ ಕಲ್ಲಿನ ಬರ ಬರಲಿಲ್ಲ. ಕತ್ತಿ ಹಿಡಿದವಳ ಕಲ್ಲನ್ನು ಹುಡುಕಲು ಹೊರಟರೆ ಚಪ್ಪಲಿ ಸವೆಯುತ್ತದೆ. ಸಂತೆಯಲ್ಲಿ ಕೂತು ನಾಲ್ಕು ಜನಕ್ಕೆ ಕೇಳುವಂತೆ ಕೂಗಿ ಮಾರಿದವಳು ಬಜಾರಿಯಾದಳು. ಅದೇ ಸಂತೆಯಲ್ಲಿ ಅವಳಿಗಿಂತ ಜೋರಾಗಿ ಕೂಗಿದವನು ವ್ಯಾಪಾರಿ. ಮಾರಿಯ ಗುಡಿಗೆ ಹೋಗಿ ನೆಲಕ್ಕೆ ಹಣೆ ತಾಗಿಸಿ ಬರುತ್ತೇವೆ. ಮನೆಗೆ ಬಂದು ಸಾರಿನಲ್ಲಿ ಉಪ್ಪು ಕಡಿಮೆ ಎಂದಾಗ ತಿರುಗಿ ಮಾತಾಡಿದ ಹೆಂಡತಿಯನ್ನು ಅದೇ ಹೆಸರಿನಿಂದ ಬೈಯುತ್ತೇವೆ. ಇಷ್ಟು ಶತಮಾನ ಇಷ್ಟು ಶ್ರಮಪಟ್ಟು ಕಟ್ಟಿದ ಪದಕೋಶಕ್ಕೆ ತಮ್ಮ ಕಚೇರಿ ಕೊಟ್ಟ ಕಾಣಿಕೆ ಒಂದೇ: ಮೊಹರು.

ಈ ಮೊಹರಿನ ಮಾತು ನನ್ನದಲ್ಲ, ಚಿಕ್ಕಮಾದಮ್ಮನದು. ಮಾಹಿತಿ ಹಕ್ಕಿನಲ್ಲಿ ಪಡೆದ ವರದಿಯನ್ನು ಆಕೆ ನನ್ನ ಬಳಿ ಓದಿಸಲು ತಂದಿದ್ದಳು. ನಾನು ಓದಿದೆ.

"ಗಂಡುಬೀರಿ ಅಂತ ಊರೇ ಅಂತದ ಬುಡಿ ಸಾಮ್ಯೋರೆ, ಅದ್ಕೆ ಸೀಲ್ ಯಾಕ ಒಡ್ದರು?" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿ, "ಇನ್ನೊಂದ್ಸಲ ಓದಿ, ಅದ್ಯಾನ, ದನ ಅಂದ್ರಲ್ಲ" ಎಂದಳು.

"ಪರರ ಜಾನುವಾರುಗಳನ್ನು ಕಲ್ಲು ಹೊಡೆದು ಓಡಿಸುವ..."

"ಯಾರ್ ದನ? ನಾ ಯಾವತ್ತು ದನಕ್ಕ ಕಲ್ಲೊಡ್ದಿ? ನೀರ್ ಬುಡೋಳ್ಗ ದನಿನ್ ಸಾವಾಸ ಯಾಕ ಸಾಮ್ಯೋರೆ?"

ನಾನು ವರದಿಯನ್ನು ಮಡಚಿಟ್ಟೆ. ಆ ದನಗಳು ಯಾರವೆಂದು ಈ ಜಿಲ್ಲೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಮಾನ್ಯರೇ, ನಾನು ಸಂತೆಮರಹಳ್ಳಿಯಲ್ಲಿ ನಲವತ್ತು ವರ್ಷ ಜಗಲಿಯ ಮೇಲೆ ಟೈಪ್ ಯಂತ್ರ ಇಟ್ಟುಕೊಂಡು ಅರ್ಜಿ ಬರೆದು ಬದುಕಿದವನು. ೧೯೮೭ರಲ್ಲಿ ಹರದನಹಳ್ಳಿ ಕಡೆಯಿಂದ ಮರಿಮಲ್ಲಪ್ಪ ಎಂಬುವರು ಬಂದರು. ಕೆರೆಯಂಚಿನ ಒಂದು ತುಂಡು ಸರ್ಕಾರಿ ನೆಲದಲ್ಲಿ ದೊಡ್ಡಮಾದಮ್ಮ ಎಂಬ ಕೂಲಿ ಹೆಂಗಸು ಹುರುಳಿ ಹಾಕಿದ್ದಳು. ಇವರ ದನಗಳು ನುಗ್ಗಿ ಮೇದವು. ಅವಳು ಕಲ್ಲು ಹೊಡೆದು ಓಡಿಸಿದಳು. ಇವರಿಗೆ ಆ ನೆಲ ಬೇಕಿತ್ತು. "ಓದ್ದೋರ್ಗ ಮೈ ಉರೀಬೇಕು, ಅಂಗೊಂದು ಬರೀರಿ ಸಾಮಿ" ಎಂದರು. ನನಗೆ ಆಗ ಮೂವತ್ತೊಂದು ವರ್ಷ, ಕೈಯಲ್ಲಿ ಒಳ್ಳೆಯ ಕನ್ನಡವಿತ್ತು, ಓದಿದ ಸೊಕ್ಕೂ ಇತ್ತು. ಬರೆದೆ: ಗಂಡುಬೀರಿ ಸ್ವಭಾವದವಳಾಗಿದ್ದು, ಹಿರಿಯರು ಕಿರಿಯರೆನ್ನದೆ ಏರುದನಿಯಲ್ಲಿ ಮಾತನಾಡುವ, ಪರರ ಜಾನುವಾರುಗಳನ್ನು ಕಲ್ಲು ಹೊಡೆದು ಓಡಿಸುವ ಚಾಳಿಯುಳ್ಳವಳಾಗಿರುತ್ತಾಳೆ. ದನ ಯಾರ ಬೆಳೆಯಲ್ಲಿದ್ದವು ಎಂಬುದನ್ನು ಬರೆಯಲಿಲ್ಲ. ಬರೆದಿದ್ದರೆ ವಾಕ್ಯದ ಲಯ ಕೆಡುತ್ತಿತ್ತು.

ಅಂದಿನ ಅಧಿಕಾರಿ ಸ್ಥಳಕ್ಕೆ ಹೋಗಲೇ ಇಲ್ಲ. ಅಂಥವಳ ಎದುರು ಹೋಗಿ ನಿಲ್ಲುವುದು ಯಾರಿಗೆ ಬೇಕು? ಅರ್ಜಿಯನ್ನೇ ನಂಬಿ ಅವಳನ್ನು ಎಬ್ಬಿಸಿದರು, ನೆಲ ಹೋಯಿತು. ದೊಡ್ಡಮಾದಮ್ಮ ಗುಂಡ್ಲುಪೇಟೆ ಕಡೆ ಕೂಲಿಗೆ ಹೋದಳು, ಅಲ್ಲೇ ಸತ್ತಳೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಚಿಕ್ಕಮಾದಮ್ಮನಿಗೂ ಅವಳಿಗೂ ನೆಂಟಸ್ತನವಿಲ್ಲ. ನನ್ನ ವಾಕ್ಯಕ್ಕೆ ಮಾತ್ರ ಒಳ್ಳೆಯ ಹೆಸರು ಬಂತು. ಪಾಲು ಕೇಳಿದ ತಂಗಿ, ಹೊಡೆದ ಗಂಡನ ಮನೆ ಬಿಟ್ಟ ಸೊಸೆ, ಕೂಲಿ ಕೇಳಿದ ಆಳು, ಎಲ್ಲರ ಮೇಲೂ "ಆ ಮಾತು ಹಾಕಿ ಸಾಮಿ" ಎಂದು ಕೇಳಿಕೊಂಡು ಬಂದರು. ಪಕ್ಕದ ಜಗಲಿಯವರು ಕಾರ್ಬನ್ ಪ್ರತಿ ಕೇಳಿ ಪಡೆದರು. ನಾನು ಹೆಮ್ಮೆಯಿಂದ ಕೊಟ್ಟೆ.

ವರದಿ ಓದಿದ ಮಾರನೆಯ ದಿನ ಶಾಂತಮಲ್ಲಪ್ಪನ ದೂರು ತಯಾರಾದ ಕಂಪ್ಯೂಟರ್ ಅಂಗಡಿ ಹುಡುಕಿಕೊಂಡು ಹೋದೆ. ಅಲ್ಲಿ ಟೈಪು ಮಾಡುವ ಶಿವರಂಜಿನಿ ಎಂಬ ಹೆಣ್ಣುಮಗಳು ಪರದೆ ತೋರಿಸಿದಳು. 'ಹೆಂಗಸರ ಮೇಲೆ ದೂರು' ಎಂದು ಒಂದು ಫೈಲು. ಒಳಗೆ ನನ್ನ ವಾಕ್ಯ, ದನಗಳ ಸಮೇತ.

"ಎಲ್ಲಾರ್ಗೂ ಇದ್ನೇ ಹಾಕೋದು ತಾತ. ಹೆಸ್ರು, ಊರು ಚೇಂಜ್ ಮಾಡಿದ್ರೆ ಆಯ್ತು."

"ದನ ತೆಗೆಯಲ್ವಾ?"

"ಯಾರೂ ತೆಗಿ ಅಂದಿಲ್ಲ" ಎಂದಳು. "ಆಫೀಸಲ್ಲಿ ಓದ್ತಾರಾ ತಾತ ಇವನ್ನೆಲ್ಲ?"

ಆ ಹುಡುಗಿಯ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ಓದುತ್ತೀರಾ? ಓದಿದ್ದರೆ ನಲ್ಲಿ ನೀರಿನ ಕಡತದಲ್ಲಿ ದನ ಯಾಕೆ ಎಂದು ಒಮ್ಮೆ ಕೇಳುತ್ತಿದ್ದಿರಿ. ದೂರನ್ನೇ ನಕಲು ಮಾಡಿ, ಮೇಲೆ 'ಸ್ಥಳ ಪರಿಶೀಲಿಸಿ ವಿಚಾರಿಸಲಾಗಿ' ಎಂದು ಸೇರಿಸಿ ಸಹಿ ಹಾಕಿದ್ದೀರಿ. ಯಾವ ಸ್ಥಳ? ಯಾರನ್ನು ವಿಚಾರಿಸಿದಿರಿ? ಸತ್ತು ಎಲುಬೂ ಉಳಿಯದ ದನಗಳನ್ನೇ? ನಾನು ಸುಳ್ಳು ಬರೆದೆ, ಆದರೆ ಕೂತು ಯೋಚಿಸಿ ಬರೆದೆ. ತಮಗೆ ಒಬ್ಬ ಹೆಂಗಸಿನ ಅನ್ನ ಕೀಳಲು ಹೊಸದೊಂದು ಸುಳ್ಳನ್ನು ಕಟ್ಟುವಷ್ಟು ಶ್ರದ್ಧೆಯೂ ಇಲ್ಲ.

ಹಾರ, ಶಾಲು, ಬಳ್ಳಿ ಬರೆದ ಗಾಜಿನ ಚೌಕಟ್ಟು ಕೊಡುವಾಗ ಮಾತ್ರ ಶ್ರದ್ಧೆ ಹೆಚ್ಚು. ಪಂಚಾಯಿತಿಗೊಂದು ವೀರವನಿತೆ ಬೇಕೆಂದು ಸುತ್ತೋಲೆ ಹೋಗಿತ್ತಂತೆ, ಗೊಬ್ಬರದ ಚೀಲದ ಹಂಚಿಕೆಯ ಹಾಗೆ. ಕೋತಿಯ ಹೆಣ ಎತ್ತುವವರೆಗೆ ಆಕೆ ವೀರವನಿತೆ, ಸದಸ್ಯನ ಪೈಪು ಎತ್ತಿದ ಕೂಡಲೇ ಗಂಡುಬೀರಿ. ಆ ವೀರವನಿತೆ ಈಗ ಗೂಡ್ಸ್ ಆಟೋದಲ್ಲಿ ಇಪ್ಪತ್ತು ಹೆಂಗಸರ ನಡುವೆ ನಿಂತುಕೊಂಡು ಗುಂಡ್ಲುಪೇಟೆಗೆ ಚೆಂಡುಹೂ ಬಿಡಿಸಲು ಹೋಗುತ್ತಾಳೆ. ಕೇರಳದಿಂದ ಬರುವವರು ಆ ಹೊಲಗಳಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರ ಚಿತ್ರದಲ್ಲಿ ಅಡ್ಡ ಬಂದರೆ "ಚೇಚಿ, ಮಾರೂ" ಎಂದು ಆಕೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಊರಿನಲ್ಲಿ ಕಾಲೋನಿಗೆ ಒಂಬತ್ತು ದಿನಕ್ಕೊಮ್ಮೆ ನೀರು. ಬಾಳೆತೋಟ ನಳನಳಿಸುತ್ತಿದೆ.

ಹೋದ ವಾರ ಆಕೆಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ವಾಕ್ಯ ನನ್ನದು ಎಂದೆ. ಹೂವಿನ ಹಳದಿ ಅಂಟಿದ ಬೆರಳುಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಎಷ್ಟ್ ವರ್ಸ ಆಯ್ತು ಅದ ಬರ್ದು?"

"ಮೂವತ್ತೆಂಟು."

"ಅಷ್ಟ್ ವರ್ಸದಿಂದ ಅನ್ನ ಸೇರ್ತಾ ನಿಮ್ಗ?"

ಸೇರಿತ್ತು. ಚೆನ್ನಾಗಿಯೇ ಸೇರಿತ್ತು. ಅದನ್ನು ಹೇಳುವ ಬದಲು ಪತ್ರಿಕೆಗೆ ಬರೆಯುತ್ತೇನೆ, ನಿನ್ನಂಥ ವೀರ ಹೆಣ್ಣುಮಗಳಿಗೆ ಆದ ಅನ್ಯಾಯವನ್ನು ಲೋಕಕ್ಕೆ ತಿಳಿಸುತ್ತೇನೆ ಎಂದೆ.

"ನೋಡಿ, ತಿರ್ಗ ಅದ್ನೇ ಮಾಡ್ತಿದ್ದರಿ" ಎಂದಳು. "ಅವ್ರು ಒಂದು ಎಸ್ರು ಕೊಟ್ರು, ನೀವೊಂದು ಕೊಡ್ತಿರಿ. ನಂಗ ಎರ್ಡೂ ಬ್ಯಾಡ. ನೀರ್ಗಂಟಿ ಅಂತ ಬರೀರಿ. ಅದಷ್ಟೇ ನನ್ ಕೆಲ್ಸ."

ಆದ್ದರಿಂದ ನನ್ನ ಬೇಡಿಕೆಯನ್ನು ಆಕೆ ಹೇಳಿದಷ್ಟಕ್ಕೇ ನಿಲ್ಲಿಸುತ್ತೇನೆ. ಆಕ್ಷೇಪಣೆ ಸಲ್ಲಿಸಲು ಇದೇ ತಿಂಗಳ ಇಪ್ಪತ್ತೆಂಟರವರೆಗೆ ಅವಕಾಶವಿದೆ. ಆ ವರದಿಯ ವಾಕ್ಯವನ್ನು ಬರೆದವನು ನಾನು, ಅದು ದೊಡ್ಡಮಾದಮ್ಮನ ವಿಷಯದಲ್ಲಿ ಸುಳ್ಳು, ಚಿಕ್ಕಮಾದಮ್ಮನ ವಿಷಯದಲ್ಲಿ ಅಸಂಬದ್ಧ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ ಸೋಮವಾರ ತಮ್ಮ ಟಪಾಲಿಗೆ ಕೊಟ್ಟಿದ್ದೇನೆ. ಅದು ಸುಳ್ಳೆಂದು ಪ್ರಮಾಣ ಮಾಡಲು ನಾನಿದ್ದೇನೆ. ನಿಜವೆಂದು ಪ್ರಮಾಣ ಮಾಡಲು ತಾವು ಮುಂದೆ ಬರಬೇಕು. ಬರಲಾಗದಿದ್ದರೆ ಆ ಪುಟವನ್ನು ಕಡತದಿಂದ ತೆಗೆದು, ಸಲಾಕೆಯನ್ನು ಆಕೆಗೆ ಹಿಂದಿರುಗಿಸಿ, ಆದೇಶ ಹೊರಡಿಸಬೇಕು. ಆದೇಶದಲ್ಲಿ ಹೊಗಳಿಕೆ ಬೇಡ. ಹೆಸರು: ಚಿಕ್ಕಮಾದಮ್ಮ. ಹುದ್ದೆ: ನೀರುಗಂಟಿ. ಅದರ ಮುಂದೆ ಚುಕ್ಕೆ ಇಡಿ.

ಇಂತಿ,
ಒಂದೇ ವಾಕ್ಯದಿಂದ ಇಬ್ಬರು ಹೆಂಗಸರ ನೆಲ, ನೀರು ಕಳೆದವನು,
ಶಿವರುದ್ರಸ್ವಾಮಿ
ಕೆಲಸ ಬಿಟ್ಟ ಅರ್ಜಿ ಬರಹಗಾರ, ಸಂತೆಮರಹಳ್ಳಿ